ಹಳದಿ ಹೂವಿನ ಕುರುಹು: ಆರ್ನಿಕಾವನ್ನು ಅರಿಯುವ ಬಗೆ



ಕಳೆದ ಶ್ರಾವಣ ಮಾಸದಲ್ಲಿ ಮಠಕ್ಕೆ ಬಂದ ಹಿರಿಯ ಭಕ್ತರೊಬ್ಬರು ಕಾಗದದ ಪೊಟ್ಟಣವೊಂದನ್ನು ನಮ್ಮ ಮುಂದಿರಿಸಿದರು. ಅದರೊಳಗೆ ಒಣಗಿದ ಹಳದಿ ಹೂಗಳಿದ್ದವು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿರುವ ಅವರ ಮಗ ಆಲ್ಪ್ಸ್ ಪರ್ವತಗಳಲ್ಲಿ ಚಾರಣ ಮಾಡುವಾಗ ಈ ಹೂಗಳನ್ನು ಕಂಡು, ನೋವಿಗೆ ಹಚ್ಚುವ ಮುಲಾಮಿನ ಡಬ್ಬಿಯ ಮೇಲಿರುವ ಆರ್ನಿಕಾ ಹೂವೇ ಇದೆಂದು ತಿಳಿದು, ತಂದೆಯ ಮಂಡಿನೋವಿಗೆ ಆಗಬಹುದೆಂಬ ಪ್ರೀತಿಯಿಂದ ಕಿತ್ತು ತಂದಿದ್ದರು. ಇದನ್ನು ಕಷಾಯ ಮಾಡಿ ಕುಡಿಯಬಹುದೇ ಎಂಬುದು ಆ ಹಿರಿಯರ ಪ್ರಶ್ನೆ.

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಈ ಹೂ ನಿಜವಾಗಿ ಆರ್ನಿಕಾವೇ? ಆಗಿದ್ದರೆ ಅದನ್ನು ಸೇವಿಸಬಹುದೇ? ಎರಡನೆಯದಕ್ಕೆ ಉತ್ತರವನ್ನು ಅಂದೇ ಹೇಳಿದೆವು: ಆರ್ನಿಕಾ ಆಗಿದ್ದರೂ ಕುಡಿಯಬಾರದು. ಮೊದಲನೆಯದಕ್ಕೆ ಉತ್ತರ ದೊರೆಯಲು ಎರಡು ದಿನ ಹಿಡಿಯಿತು. ಆ ಉತ್ತರವನ್ನು ಕಂಡುಕೊಂಡ ಬಗೆಯನ್ನೇ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ವಿವರಿಸುತ್ತಿದ್ದೇವೆ. ಆರ್ನಿಕಾದ ಹೆಸರು ಹೊತ್ತ ಎಣ್ಣೆ, ಮುಲಾಮು, ಗುಳಿಗೆಗಳು ಇಂದು ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲಿಯೂ ಸಿಗುತ್ತಿರುವುದರಿಂದ ಇದು ಒಬ್ಬರ ಪ್ರಶ್ನೆಯಾಗಿ ಉಳಿದಿಲ್ಲ.

ಬಣ್ಣವೊಂದನ್ನೇ ನಂಬಿದರೆ

ಆರ್ನಿಕಾ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಸಸ್ಯ. ಈ ಕುಟುಂಬ ಬಹು ದೊಡ್ಡದು. ಜಗತ್ತಿನಲ್ಲಿ ಇದರ ಸುಮಾರು 30,000 ಪ್ರಭೇದಗಳಿವೆ. ನಮ್ಮ ಹೊಲದ ಸೂರ್ಯಕಾಂತಿ, ಕುಸುಬೆ, ಗುರೆಳ್ಳು, ಪೂಜೆಗೆ ಬಳಸುವ ಸೇವಂತಿಗೆ, ಚೆಂಡುಹೂವು, ಬೀದಿಬದಿಯ ಪಾರ್ಥೇನಿಯಂ ಎಲ್ಲವೂ ಒಂದೇ ಕುಟುಂಬದವು. ಅನ್ನಕ್ಕೆ ಎಣ್ಣೆ ಕೊಡುವ ಗಿಡವೂ, ಮೈಗೆ ತುರಿಕೆ ಹತ್ತಿಸುವ ಗಿಡವೂ ಒಂದೇ ಮನೆತನದಲ್ಲಿ ಹುಟ್ಟಿವೆ. ಆದುದರಿಂದ ಕುಟುಂಬವನ್ನು ಗುರುತಿಸಿದ ಮಾತ್ರಕ್ಕೆ ಗುಣವನ್ನು ಅರಿತಂತಾಗುವುದಿಲ್ಲ.

ಈ ಕುಟುಂಬದಲ್ಲಿ ನಾವು ಒಂದು ಹೂ ಎಂದು ಕರೆಯುವುದು ವಾಸ್ತವವಾಗಿ ಹಲವು ಕಿರುಹೂಗಳ ಗೊಂಚಲು. ಸೂರ್ಯಕಾಂತಿಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ನಡುವಿನ ಬಿಲ್ಲೆಯಲ್ಲಿ ಕೊಳವೆಯಾಕಾರದ ಕಿರುಹೂಗಳು ಒತ್ತೊತ್ತಾಗಿರುತ್ತವೆ; ಅಂಚಿನಲ್ಲಿ ನಾಲಗೆಯಂತೆ ಚಾಚಿಕೊಂಡ ಹೂಗಳಿರುತ್ತವೆ. ಎಸಳೆಂದು ನಾವು ಎಣಿಸುವುದು ಈ ನಾಲಗೆ ಹೂಗಳನ್ನು. ಪರ್ವತಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಬೇಸಗೆಯ ಅವಧಿ ಅತಿ ಕಿರಿದು. ಆ ಕೆಲವೇ ವಾರಗಳಲ್ಲಿ ಕೀಟಗಳನ್ನು ಸೆಳೆಯಲು ಹಲವು ಬೇರೆ ಬೇರೆ ಸಸ್ಯಗಳು ಇದೇ ಮಾದರಿಯ ಹಳದಿ ಹೂಗಳನ್ನು ಅರಳಿಸುತ್ತವೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಇವೆಲ್ಲವೂ ಒಂದೇ ಹೂವಿನಂತೆ ಕಾಣುತ್ತವೆ.

ಆರ್ನಿಕಾದ ನೆಲೆ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆರ್ನಿಕಾ ಮೊಂಟಾನ. ಮೊಂಟಾನ ಎಂದರೆ ಬೆಟ್ಟದ್ದು ಎಂದರ್ಥ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ದಾಖಲಿಸಿದರು. ಇದು ಯುರೋಪಿನ ಸಸ್ಯ; ಭಾರತದಲ್ಲಿ ತಾನಾಗಿ ಬೆಳೆಯುವುದಿಲ್ಲ. ಆಲ್ಪ್ಸ್ ಪರ್ವತಗಳಲ್ಲಿ 2,500 ಮೀಟರಿಗೂ ಮೇಲೆ ಇದು ಕಾಣಸಿಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ಅದರ ನೆಲೆಯ ಕಲ್ಪನೆ ಬರುತ್ತದೆ.

ಈ ಸಸ್ಯಕ್ಕೆ ಬಡ ಮಣ್ಣೇ ಬೇಕು. ಆಮ್ಲಗುಣದ, ಸಾರವಿಲ್ಲದ ಹುಲ್ಲುಗಾವಲಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ನಿಲ್ಲದು. ಗೊಬ್ಬರ ಹಾಕಿದರೆ ಸೊಂಪಾಗಿ ಏಳುವ ಹುಲ್ಲಿನ ನಡುವೆ ಅಳಿದುಹೋಗುತ್ತದೆ. ಹೂ ಬಿಡುವುದು ಹೆಚ್ಚಾಗಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ. ಜರ್ಮನ್ ಭಾಷೆಯ ಜನರು ಇದಕ್ಕೆ ಇಟ್ಟ ಹಲವು ಹೆಸರುಗಳಲ್ಲಿ ಒಂದಕ್ಕೆ ‘ಬೀಳುವಿಕೆಯ ಮೂಲಿಕೆ’ ಎಂಬ ಅರ್ಥವಿದೆ. ಬಿದ್ದು ಪೆಟ್ಟು ಮಾಡಿಕೊಂಡವರಿಗೆ ಹಚ್ಚುತ್ತಿದ್ದುದರಿಂದ ಬಂದ ಹೆಸರು ಅದು.

ಐದು ಕುರುಹುಗಳು

ಮೊದಲನೆಯದು, ಬುಡದ ಎಲೆಗಳು. ಆರ್ನಿಕಾದ ದೊಡ್ಡ ಎಲೆಗಳು ನೆಲಕ್ಕೆ ಅಂಟಿಕೊಂಡಂತೆ ಚಕ್ರಾಕಾರದಲ್ಲಿ ಹರಡಿರುತ್ತವೆ. ಎಲೆ ಮೊಟ್ಟೆಯಾಕಾರದ್ದು, ಮೃದುವಾದ ರೋಮಗಳಿಂದ ಕೂಡಿದ್ದು, ಬುಡದಿಂದ ತುದಿಯತ್ತ ಉದ್ದುದ್ದವಾಗಿ ಸಾಗುವ ಐದರಿಂದ ಏಳು ನರಗಳು ಸ್ಪಷ್ಟವಾಗಿ ಕಾಣುತ್ತವೆ.

ಎರಡನೆಯದು, ಕಾಂಡದ ಎಲೆಗಳು. ಇದು ಎಲ್ಲಕ್ಕಿಂತ ಮುಖ್ಯವಾದ ಕುರುಹು. ಕಾಂಡದ ಮೇಲೆ ಒಂದು ಅಥವಾ ಎರಡು ಜೊತೆ ಸಣ್ಣ ಎಲೆಗಳು ಮಾತ್ರ ಇರುತ್ತವೆ. ಆ ಜೊತೆಯ ಎಲೆಗಳು ಒಂದೇ ಗಿಣ್ಣಿನಿಂದ ಎದುರುಬದುರಾಗಿ, ಜೋಡಿಸಿದ ಎರಡು ಕೈಗಳು ಅಗಲಿದಂತೆ ಹೊರಡುತ್ತವೆ. ಆಲ್ಪ್ಸ್‌ನಲ್ಲಿ ಇದೇ ಬಗೆಯ ದೊಡ್ಡ ಹಳದಿ ಹೂ ಬಿಡುವ ಉಳಿದ ಕಾಡುಗಿಡಗಳಲ್ಲಿ ಕಾಂಡದ ಎಲೆಗಳು ಒಂದರ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ, ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ಬರುತ್ತವೆ.

ಮೂರನೆಯದು, ಕಾಂಡ. ಅದು 20ರಿಂದ 60 ಸೆಂಟಿಮೀಟರ್ ಎತ್ತರವಿದ್ದು, ಸಣ್ಣ ಅಂಟುರೋಮಗಳಿಂದ ಕೂಡಿರುತ್ತದೆ. ತುದಿಯಲ್ಲಿ ಸಾಮಾನ್ಯವಾಗಿ ಒಂದೇ ಹೂ. ಹೆಚ್ಚು ಹೂಗಳಿದ್ದರೆ ಅವು ಎದುರುಬದುರಾದ ಎಲೆಗಳ ಕಂಕುಳಿನಿಂದಲೇ ಹೊರಡುತ್ತವೆ.

ನಾಲ್ಕನೆಯದು, ಹೂವಿನ ರೂಪ. ಬಣ್ಣ ಕಿತ್ತಳೆಯ ಛಾಯೆಯುಳ್ಳ ಗಾಢ ಹಳದಿ. ಅಗಲ ಐದರಿಂದ ಎಂಟು ಸೆಂಟಿಮೀಟರ್. ಅಂಚಿನ ನಾಲಗೆ ಹೂಗಳು ಬಾಚದ ತಲೆಗೂದಲಿನಂತೆ ಅಸ್ತವ್ಯಸ್ತವಾಗಿ ಬಾಗಿರುತ್ತವೆ. ಪ್ರತಿಯೊಂದರ ತುದಿಯಲ್ಲಿಯೂ ಮೂರು ಹಲ್ಲುಗಳಿರುತ್ತವೆ. ಈ ಹಲ್ಲುಗಳು ಬೇರೆ ಹೂಗಳಲ್ಲಿಯೂ ಇರಬಹುದಾದ ಕಾರಣ ಇದೊಂದನ್ನೇ ನೆಚ್ಚಬಾರದು.

ಐದನೆಯದು, ನೆಲ ಮತ್ತು ವಾಸನೆ. ಸುಣ್ಣಕಲ್ಲಿನ ಕೊರಕಲಿನಲ್ಲಿ ಬೆಳೆದ ಹೂ ಆರ್ನಿಕಾ ಆಗಿರುವ ಸಂಭವ ಬಲು ಕಡಿಮೆ. ಆರ್ನಿಕಾಕ್ಕೆ ತನ್ನದೇ ಆದ ಪರಿಮಳವೂ ಉಂಟು. ಇದು ಉಳಿದ ನಾಲ್ಕು ಕುರುಹುಗಳಿಗೆ ಬೆಂಬಲವಾಗಿ ಮಾತ್ರ ಬರಬೇಕಾದುದು.

ಹೋಲುವ ಹೂಗಳು

ಆರ್ನಿಕಾ ಎಂದು ಜನ ಮೋಸಹೋಗುವ ಹೂಗಳಲ್ಲಿ ಡೊರೊನಿಕಮ್ ಮೊದಲನೆಯದು. ಇದರ ಹೂವೂ ದೊಡ್ಡದು, ಹಳದಿ, ಕಾಂಡಕ್ಕೊಂದರಂತೆ ಅರಳುವುದು. ಆದರೆ ನಾಲಗೆ ಹೂಗಳು ಹೆಚ್ಚು ಕಿರಿದಾಗಿ, ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಕಾಂಡದ ಎಲೆಗಳು ಎದುರುಬದುರಾಗಿರದೆ ಒಂದೊಂದಾಗಿ ಬರುತ್ತವೆ.

ಎರಡನೆಯದು ಬುಫ್ತಾಲ್ಮಮ್. ಗ್ರೀಕ್ ಮೂಲದ ಈ ಹೆಸರಿಗೆ ಎತ್ತಿನ ಕಣ್ಣು ಎಂದರ್ಥ. ಇದರ ಎಲೆಗಳು ನೀಳವಾಗಿ, ಕಿರಿದಾಗಿ, ಒಂದೊಂದಾಗಿ ಕಾಂಡದುದ್ದಕ್ಕೂ ಇರುತ್ತವೆ. ಸುಣ್ಣಕಲ್ಲಿನ ನೆಲವೇ ಇದಕ್ಕೆ ಪ್ರಿಯ.

ಮೂರನೆಯ ಗುಂಪು ನಡುವೆ ಕೊಳವೆ ಹೂಗಳೇ ಇಲ್ಲದೆ ಬರಿಯ ನಾಲಗೆ ಹೂಗಳಿಂದಲೇ ಕೂಡಿದ ಹೂಗಳದು. ಇವುಗಳ ಕಾಂಡವನ್ನು ಮುರಿದರೆ ಬಿಳಿಯ ಹಾಲು ಒಸರುತ್ತದೆ. ಆರ್ನಿಕಾದಲ್ಲಿ ಅಂತಹ ಹಾಲಿಲ್ಲ.

ನಾಲ್ಕನೆಯದಾದ ಸೆನೆಸಿಯೋ ಎಲ್ಲಕ್ಕಿಂತ ಅಪಾಯಕಾರಿ. ಇದರ ಎಲೆಗಳೂ ಒಂದೊಂದಾಗಿಯೇ ಬರುತ್ತವೆ. ಈ ಜಾತಿಯ ಹಲವು ಸಸ್ಯಗಳಲ್ಲಿ ಪಿರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷಗಳಿವೆ. ಇವು ಯಕೃತ್ತಿನೊಳಗಿನ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಪ್ರಾಣಕ್ಕೂ ಎರವಾಗಬಹುದು. ಕುಡಿದೊಡನೆ ತೊಂದರೆ ಕಾಣಿಸದೆ ದಿನ ಕಳೆದಂತೆ ಹಾನಿ ಸೇರುತ್ತಾ ಹೋಗುವುದರಿಂದ ಕಾರಣವನ್ನು ಕಂಡುಹಿಡಿಯುವುದೂ ಕಷ್ಟ. ನಮ್ಮ ದೇಶದಲ್ಲಿಯೇ 1970ರ ದಶಕದಲ್ಲಿ ಅಂದಿನ ಮಧ್ಯಪ್ರದೇಶದ ಸರ್ಗುಜಾ ಪ್ರದೇಶದಲ್ಲಿ, ಸೆಣಬಿನ ಜಾತಿಯ ಕಾಡುಗಿಡದ ಬೀಜ ಬೆರೆತ ಕಿರುಧಾನ್ಯವನ್ನು ಉಂಡು ಹಲವರು ಯಕೃತ್ತಿನ ರೋಗಕ್ಕೆ ತುತ್ತಾಗಿ ಸಾವಿಗೀಡಾದರು. ಅಲ್ಲಿ ಕೊಂದುದು ಇದೇ ವರ್ಗದ ವಿಷ. ಬೀಜವನ್ನು ಗುರುತಿಸಿ ಹೆಕ್ಕಿ ತೆಗೆಯದೆ ಹೋದುದರ ಫಲ ಅಷ್ಟು ಘೋರವಾಗಿತ್ತು.

ಪೊಟ್ಟಣದ ಹೂ ಯಾವುದು?

ಆ ಹಿರಿಯರ ಮಗನಿಗೆ ಚಿತ್ರ ಕಳುಹಿಸಲು ಹೇಳಿದೆವು. ಮೊದಲು ಬಂದ ಚಿತ್ರದಲ್ಲಿ ಹೂವೊಂದೇ ಇತ್ತು. ಅದನ್ನು ನೋಡಿ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಗಿಡದ ಬುಡ ಮತ್ತು ಕಾಂಡ ಕಾಣುವ ಚಿತ್ರವಿದೆಯೇ ಎಂದು ಕೇಳಿದೆವು. ಎರಡನೆಯ ದಿನ ಅವರು ತಮ್ಮ ಮೊಬೈಲಿನಲ್ಲಿ ಹುಡುಕಿ ಅಂತಹ ಚಿತ್ರವೊಂದನ್ನು ಕಳುಹಿಸಿದರು. ಅದರಲ್ಲಿ ಕಾಂಡದ ಎಲೆಗಳು ಒಂದೊಂದಾಗಿ, ಬೇರೆ ಬೇರೆ ಎತ್ತರದಲ್ಲಿದ್ದವು. ನೆಲದ ಮೇಲೆ ಹರಡಿದ ಎಲೆಚಕ್ರವೂ ಇರಲಿಲ್ಲ. ಅದು ಡೊರೊನಿಕಮ್ಮೋ ಸೆನೆಸಿಯೋವೋ ಎಂದು ಚಿತ್ರವೊಂದರಿಂದಲೇ ನಿರ್ಧರಿಸಲಾಗದು. ಆರ್ನಿಕಾ ಅಲ್ಲ ಎಂಬುದು ಮಾತ್ರ ನಿಶ್ಚಯವಾಯಿತು. ಹಿರಿಯರು ಪೊಟ್ಟಣವನ್ನು ತಮ್ಮ ಕೈಯಾರೆ ಮಣ್ಣಿನಲ್ಲಿ ಹೂತರು. ಮಗನ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕುರುಹನ್ನು ನೋಡುವ ಅಭ್ಯಾಸವಷ್ಟೇ ಇರಲಿಲ್ಲ.

ನಿಜವಾದ ಆರ್ನಿಕಾದ ಗುಣ, ದೋಷ

ನಿಜವಾದ ಆರ್ನಿಕಾದ ಹೂವಿನಲ್ಲಿ ಹೆಲೆನಾಲಿನ್ ಮತ್ತು ಅದರ ಬಳಗದ ರಾಸಾಯನಿಕಗಳಿವೆ. ಇವು ದೇಹದಲ್ಲಿ ಊತವನ್ನು ಪ್ರಚೋದಿಸುವ ಸಂಕೇತಗಳನ್ನು ತಡೆಯುತ್ತವೆ. ಯುರೋಪಿನ ಔಷಧ ಸಂಹಿತೆಯ ಪ್ರಕಾರ ಒಣಗಿದ ಆರ್ನಿಕಾ ಹೂವಿನಲ್ಲಿ ಈ ವರ್ಗದ ಸತ್ತ್ವ ಶೇಕಡಾ 0.40ಕ್ಕಿಂತ ಕಡಿಮೆ ಇರಬಾರದು. ಕಂದಿದ ಪೆಟ್ಟು, ಉಳುಕು, ಸ್ನಾಯುನೋವುಗಳಿಗೆ ಆರ್ನಿಕಾವನ್ನು ಹೊರಗಿನಿಂದ ಹಚ್ಚುವುದನ್ನು ಯುರೋಪಿಯನ್ ಔಷಧ ಸಂಸ್ಥೆ ದೀರ್ಘಕಾಲದ ಬಳಕೆಯ ಆಧಾರದ ಮೇಲೆ ಮಾನ್ಯ ಮಾಡಿದೆ. ಕೈಬೆರಳುಗಳ ಸಂಧಿವಾತವುಳ್ಳ 204 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರ್ನಿಕಾ ಜೆಲ್ ನೋವನ್ನು ತಗ್ಗಿಸುವಲ್ಲಿ ಐಬುಪ್ರೊಫೆನ್ ಜೆಲ್‌ಗಿಂತ ಹಿಂದೆ ಬೀಳಲಿಲ್ಲ. ಆದುದರಿಂದ ಈ ಗಿಡಕ್ಕೆ ಗುಣವಿಲ್ಲವೆಂದು ನಾವು ಹೇಳುತ್ತಿಲ್ಲ.

ಗುಣವಿರುವ ಆ ಹೆಲೆನಾಲಿನ್ನೇ ಹೊಟ್ಟೆಗೆ ಹೋದರೆ ವಿಷ. ಆರ್ನಿಕಾದ ಕಷಾಯ ಕುಡಿದವರಲ್ಲಿ ವಾಂತಿ, ಭೇದಿ, ಹೊಟ್ಟೆಯ ಒಳಪೊರೆಯ ಉರಿತ, ಹೃದಯದ ಬಡಿತದಲ್ಲಿ ಏರುಪೇರು ಉಂಟಾಗುತ್ತದೆ. ಹಚ್ಚುವುದಕ್ಕೂ ಮಿತಿಯುಂಟು. ಸೀಳಿದ ಗಾಯಕ್ಕೆ, ಹುಣ್ಣಿಗೆ, ಕಣ್ಣು ಬಾಯಿಗಳ ಹತ್ತಿರ ಹಚ್ಚಬಾರದು. ಚರ್ಮ ಕೆಂಪಾದರೆ, ತುರಿಕೆ ಅಥವಾ ಗುಳ್ಳೆ ಎದ್ದರೆ ಕೂಡಲೇ ನಿಲ್ಲಿಸಬೇಕು.

ಇಲ್ಲಿ ನಮ್ಮ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪಾರ್ಥೇನಿಯಂ ಗಿಡದಿಂದ ಮುಖ, ಕುತ್ತಿಗೆ, ಮೊಣಕೈಗಳ ಚರ್ಮ ದಪ್ಪಗಾಗಿ ತುರಿಕೆಯಿಂದ ಬಳಲುವ ರೈತರನ್ನು ನಾವೆಲ್ಲರೂ ಕಂಡಿದ್ದೇವೆ. ಆ ತುರಿಕೆಗೆ ಕಾರಣವಾದ ರಾಸಾಯನಿಕವೂ ಆರ್ನಿಕಾದಲ್ಲಿರುವುದೂ ಒಂದೇ ವರ್ಗದವು. ಪಾರ್ಥೇನಿಯಂ ಆಗದವರಿಗೆ, ಸೇವಂತಿಗೆ ಮುಟ್ಟಿದರೆ ಕೈ ಕೆರೆಯುವವರಿಗೆ ಆರ್ನಿಕಾ ಮುಲಾಮೂ ಆಗದಿರಬಹುದು. ಅಂಥವರು ಇದನ್ನು ಬಳಸದಿರುವುದೇ ಲೇಸು.

ಅಂಗಡಿಯಲ್ಲಿ ಕೊಳ್ಳುವಾಗ

ಡಬ್ಬಿಯ ಮೇಲಿನ ಹೂವಿನ ಚಿತ್ರಕ್ಕಿಂತ ಅಲ್ಲಿ ಮುದ್ರಿಸಿದ ಸಸ್ಯದ ಪೂರ್ಣ ಹೆಸರನ್ನು ಓದಬೇಕು. ‘ಮೆಕ್ಸಿಕೋದ ಆರ್ನಿಕಾ’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೆಟೆರೊಥೀಕಾ ಎಂಬ ಬೇರೆಯೇ ಸಸ್ಯ. ಅದೂ ಹಳದಿ ಹೂವಿನದೇ, ಸೂರ್ಯಕಾಂತಿಯ ಕುಟುಂಬದ್ದೇ. ಆದರೆ ಆರ್ನಿಕಾ ಅಲ್ಲ.

ಹೋಮಿಯೋಪಥಿಯ ಆರ್ನಿಕಾವನ್ನು ಬಳಸುವ ಭಕ್ತರೂ ಅನೇಕರಿದ್ದಾರೆ. 30 ಎಂಬ ಅಂಕಿಯ ಗುಳಿಗೆಯಲ್ಲಿ ಮೂಲವಸ್ತುವನ್ನು ನೂರು ಪಾಲಿಗೊಂದರಂತೆ ಮೂವತ್ತು ಬಾರಿ ತೆಳುಗೊಳಿಸಿರುತ್ತಾರೆ. ಅಲ್ಲಿ ಗಿಡದ ಅಂಶ ಉಳಿದಿರುವುದಿಲ್ಲವೆಂದೇ ಹೇಳಬಹುದಾದ್ದರಿಂದ ಗಿಡದ ವಿಷದ ಭಯವೂ ಇಲ್ಲ, ಮೇಲೆ ಹೇಳಿದ ಜೆಲ್‌ನ ಫಲಿತಾಂಶವನ್ನು ಅದಕ್ಕೆ ಅನ್ವಯಿಸಲೂ ಆಗದು. ‘ಮದರ್ ಟಿಂಕ್ಚರ್’ ಎಂಬ ದ್ರವದ ಸಂಗತಿ ಬೇರೆ. ಅದರಲ್ಲಿ ಗಿಡದ ಸತ್ತ್ವ ಇದ್ದೇ ಇರುತ್ತದೆ. ಎರಡೂ ಸೀಸೆಗಳ ಮೇಲೆ ಆರ್ನಿಕಾ ಎಂದೇ ಬರೆದಿರುವುದರಿಂದ, ಒಂದೆಂದು ತಿಳಿದು ಮತ್ತೊಂದನ್ನು ಕುಡಿಯಬಾರದು. ಮಕ್ಕಳ ಕೈಗೆ ಸಿಗದಂತೆಯೂ ಇಡಬೇಕು.

ಬಿದ್ದವರಿಗೆ ಮೊದಲು ಮಾಡಬೇಕಾದುದು

ಮನೆಯ ಹಿರಿಯರು ಬಚ್ಚಲಿನಲ್ಲಿ ಜಾರಿ ಬಿದ್ದಾಗ ಆರ್ನಿಕಾ ಹಚ್ಚಿ ಅಥವಾ ಗುಳಿಗೆ ಕೊಟ್ಟು ಮಲಗಿಸುವ ರೂಢಿ ಕೆಲವೆಡೆ ಬಂದಿದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಹೀಗೆ ಮಾಡಬಾರದು. ವಾಂತಿ, ಮಂಪರು, ಹೆಚ್ಚುತ್ತಾ ಹೋಗುವ ತಲೆನೋವು, ಮಾತಿನ ತೊದಲು, ಕೈಕಾಲಿನ ಬಲಹೀನತೆ, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಸೋರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರ ತಲೆಗೆ ಪೆಟ್ಟಾದರೆ, ಯಾವ ಲಕ್ಷಣ ಕಾಣದಿದ್ದರೂ ವೈದ್ಯರಿಗೆ ತೋರಿಸಬೇಕು. ವಯಸ್ಸಾದವರಲ್ಲಿ ತಲೆಬುರುಡೆಯೊಳಗಿನ ರಕ್ತಸ್ರಾವ ನಿಧಾನವಾಗಿ ಸೇರಿ ಕೆಲವು ವಾರಗಳ ಬಳಿಕ ಮರೆವು, ತೂಕಡಿಕೆಗಳ ರೂಪದಲ್ಲಿ ತೋರುವುದುಂಟು. ಕಾಲೂರಲಾಗದ ನೋವಿದ್ದರೆ ಮೂಳೆ ಮುರಿದಿರಬಹುದು. ಅದಕ್ಕೆ ಎಕ್ಸ್-ರೇ ಬೇಕೇ ಹೊರತು ಮುಲಾಮಲ್ಲ.

ಕಾಣುವುದು ಸಾಕು, ಕೀಳುವುದು ಬೇಡ

ಆರ್ನಿಕಾ ನಿಜವಾಗಿ ಸಿಕ್ಕಿದ್ದರೂ ಕೀಳಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. ಹುಲ್ಲುಗಾವಲುಗಳಿಗೆ ಗೊಬ್ಬರ, ಸುಣ್ಣ ಹಾಕುವುದರಿಂದಲೂ, ಮಿತಿಮೀರಿದ ಸಂಗ್ರಹದಿಂದಲೂ ಯುರೋಪಿನ ಅನೇಕ ಕಡೆ ಇದು ಕ್ಷೀಣಿಸಿದೆ. ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಪಡೆದ ಸಸ್ಯ ಇದು. ಯುರೋಪಿನ ರಾಷ್ಟ್ರಗಳ ಒಕ್ಕೂಟ 1992ರಲ್ಲಿ ಹೊರಡಿಸಿದ ನಿಸರ್ಗ ಸಂರಕ್ಷಣೆಯ ಆದೇಶದಲ್ಲಿ, ಸಂಗ್ರಹಕ್ಕೆ ಕಡಿವಾಣ ಹಾಕಬಹುದಾದ ಸಸ್ಯಗಳ ಪಟ್ಟಿಯಲ್ಲಿ ಇದರ ಹೆಸರಿದೆ. ರೊಮೇನಿಯಾದ ಅಪುಸೇನಿ ಬೆಟ್ಟಗಳಲ್ಲಿ, ಫ್ರಾನ್ಸಿನ ವೋಜ್ ಪರ್ವತಗಳಲ್ಲಿ ಈ ಹೂವನ್ನು ಔಷಧಕ್ಕಾಗಿ ಕೈಯಿಂದಲೇ ಬಿಡಿಸುತ್ತಾರೆ. ಗೊಬ್ಬರ ಹಾಕದೆ ಹುಲ್ಲುಗಾವಲನ್ನು ಹಳೆಯ ಕ್ರಮದಲ್ಲಿ ಕಾಪಾಡುವ ರೈತರಿಂದಲೇ ಅಲ್ಲಿ ಆರ್ನಿಕಾ ಉಳಿದಿದೆ.

ನಮ್ಮ ಭಕ್ತರಲ್ಲಿ ಆಲ್ಪ್ಸ್ ಕಾಣುವವರು ಕೆಲವರಾದರೆ ಕೇದಾರನಾಥಕ್ಕೆ ಯಾತ್ರೆ ಹೋಗುವವರು ಬಹಳ. ಅಲ್ಲಿನ ರಾವಲರು ವೀರಶೈವ ಜಂಗಮ ಪರಂಪರೆಯವರಾದುದರಿಂದ ಆ ಕ್ಷೇತ್ರಕ್ಕೂ ನಮ್ಮ ನಾಡಿಗೂ ಹಳೆಯ ನಂಟು. ಸುಮಾರು 3,580 ಮೀಟರ್ ಎತ್ತರದ ಆ ಸೀಮೆಯಂತಹ ಹಿಮಾಲಯದ ಹುಲ್ಲುಗಾವಲುಗಳಲ್ಲಿಯೂ ಮಳೆಗಾಲದಲ್ಲಿ ಸೂರ್ಯಕಾಂತಿ ಕುಟುಂಬದ ಹಳದಿ ಹೂಗಳು ಅರಳುತ್ತವೆ. ಇನುಲಾ, ಲಿಗುಲೇರಿಯಾ, ಸೆನೆಸಿಯೋ ಜಾತಿಗಳ ಆ ಹೂಗಳಲ್ಲಿ ಆರ್ನಿಕಾ ಇಲ್ಲ. ದಾರಿಯಲ್ಲಿ ಯಾರಾದರೂ ಆರ್ನಿಕಾ ಎಂದು ಹಳದಿ ಹೂ ಮಾರಿದರೆ ಕೊಳ್ಳಬೇಡಿ. ನೀವಾಗಿ ಕಂಡರೂ ಕೀಳಬೇಡಿ. ಬಾಗಿ ನೋಡಿ, ಎಲೆ ಒಂದೊಂದಾಗಿದೆಯೋ ಎದುರುಬದುರಾಗಿದೆಯೋ ಎಂದು ಗಮನಿಸಿ ಮುಂದೆ ಸಾಗಿರಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡಿದ್ದವರು. ಮೂಲಿಕೆಯನ್ನು ಸರಿಯಾಗಿ ಗುರುತಿಸುವುದು ಆ ಕಾಯಕದ ಮೊದಲ ಮೆಟ್ಟಿಲು. ನಾವು ವೈದ್ಯರಲ್ಲದಿರಬಹುದು, ಆದರೆ ಮನೆಯವರಿಗೆ ಒಂದು ಲೋಟ ಕಷಾಯ ಮಾಡಿಕೊಡುವ ಪ್ರತಿಯೊಬ್ಬರೂ ಆ ಹೊತ್ತಿಗೆ ವೈದ್ಯರ ಜಾಗದಲ್ಲಿ ನಿಂತಿರುತ್ತಾರೆ. ಗೊತ್ತಿಲ್ಲದ ಹೂ, ಬೇರು, ಎಲೆ ಮನೆಗೆ ಬಂದರೆ ಒಲೆಯ ಮೇಲಿಡುವ ಮುನ್ನ ಬಲ್ಲವರಿಗೆ ತೋರಿಸಿರಿ. ತೋರಿಸುವಾಗ ಹೂವಿನೊಂದಿಗೆ ಎಲೆ ಕಾಂಡಗಳನ್ನೂ ತೋರಿಸಿರಿ. ಆ ಹಿರಿಯರ ಮಂಡಿನೋವಿಗೆ ಮೂಳೆ ವೈದ್ಯರು ವ್ಯಾಯಾಮ ತಿಳಿಸಿಕೊಟ್ಟಿದ್ದಾರೆ. ಕಳೆದ ಅಮಾವಾಸ್ಯೆಯಂದು ಅವರು ಕೋಲೂರಿಕೊಂಡು ಮಠದ ಮೆಟ್ಟಿಲು ಹತ್ತಿ ಬಂದು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಹೋದರು.